ಹಾರಿ ಬಂದ ಜೇನು ಯಾರದ್ದು?

2021ರ ಡಿಸೆಂಬರ್ ಮೊದಲ ವಾರ. ವರ್ಕ್ ಫ್ರಮ್ ಹೋಮ್ ಇನ್ನೂ ಮುಗಿದಿರಲಿಲ್ಲ. ಸಾಗರದ ಹತ್ತಿರದ ನಮ್ಮೂರಿನ ಮನೆಯಲ್ಲಿ, ಜಗಲಿಯ ಮೂಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಮೀಟಿಂಗಿನಲ್ಲಿ ಕೂತಿದ್ದೆ. ಇಡೀ ಮನೆಯಲ್ಲಿ ನೆಟ್‌ವರ್ಕ್ ಎರಡು ಕಡ್ಡಿ ಸಿಗುತ್ತಿದ್ದದ್ದು ಆ ಮೂಲೆಯಲ್ಲಿ ಮಾತ್ರ. ಗಂಟೆ ಹನ್ನೊಂದಾಗಿರಬಹುದು. ದೂರದಲ್ಲಿ ಯಾರೋ ಮರ ಕೊಯ್ಯುವ ಮಷೀನು ಚಾಲೂ ಮಾಡಿದ ಹಾಗೆ ಒಂದು ಸದ್ದು. ತಲೆ ಎತ್ತಿ ನೋಡಿದರೆ ಅಡಿಕೆ ತೋಟದ ಮೇಲಿಂದ ಕಪ್ಪು ಹೊಗೆಯಂಥದ್ದು ತಿರುಗುತ್ತಾ, ತೇಲುತ್ತಾ ಬರ್ತಾ ಇತ್ತು. ಜೇನು. ಸಾವಿರಗಟ್ಟಲೆ ತುಡುವೆ ಜೇನು.

ನಮ್ಮ ಕೊಟ್ಟಿಗೆಯ ಹಿಂದೆ ಒಂದು ಪೇರಲೆ ಮರ ಇದೆ. ಅದರ ಕೊಂಬೆಗೆ ಒಂದೊಂದಾಗಿ ಕೂತು, ಹತ್ತು ನಿಮಿಷದಲ್ಲಿ ತೆಂಗಿನಕಾಯಿ ಗಾತ್ರದ ಗೊಂಚಲಾಯಿತು. ನಾನು ಮೀಟಿಂಗಿಗೆ "ನೆಟ್‌ವರ್ಕ್ ಹೋಗ್ತಾ ಇದೆ" ಅಂತ ಬರೆದು ಲ್ಯಾಪ್‌ಟಾಪ್ ಮುಚ್ಚಿದೆ. ಅವತ್ತು ಹೇಳಿದ ಮೊದಲ ಸುಳ್ಳು ಅದು. ಎರಡನೆಯದರ ಬಗ್ಗೆ ಬರೆಯಬೇಕು ಅಂತಲೇ ಇಷ್ಟೆಲ್ಲ ಹೇಳ್ತಾ ಇರೋದು.

ಜೇನು ಸಾಕಬೇಕು ಅನ್ನೋ ಹುಚ್ಚು ಹತ್ತಿಸಿದ್ದು ಆಚೆಮನೆ ಅಜ್ಜ. ನಮ್ಮ ತೋಟ ದಾಟಿ, ಹೊಳೆಯ ಸಂಕ ದಾಟಿದರೆ ಅವರ ಮನೆ. ವಯಸ್ಸು ಎಪ್ಪತ್ತೈದು ದಾಟಿದೆ, ಮಂಡಿ ನೋವು, ಮಕ್ಕಳಿಬ್ಬರೂ ಬೆಂಗಳೂರಲ್ಲಿ. ಮನೆ ಸುತ್ತ ಹನ್ನೊಂದು ಜೇನುಪೆಟ್ಟಿಗೆ. ಲಾಕ್‌ಡೌನಿನಲ್ಲಿ ಸಂಜೆ ಹೊತ್ತು ಹೋಗಲು ಬೇರೆ ಜಾಗ ಇಲ್ಲದೆ ಅವರಲ್ಲಿಗೆ ಹೋಗ್ತಿದ್ದೆ. ಮುಚ್ಚಳ ತೆಗೆಯುವುದು, ಹೊಗೆ ಕೊಡುವುದು, ಎರಿ ಎತ್ತಿ ಬೆಳಕಿಗೆ ಹಿಡಿದು ನೋಡುವುದು, ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲಡಿ ನೀರಿನ ಬಟ್ಟಲು ಇಡುವುದು, ಎಲ್ಲ ಅವರೇ ತೋರಿಸಿದ್ದು. "ಈ ಸಲ ಪಾಲು ಮಾಡಿ ನಿಂಗೊಂದು ಕೊಡ್ತೆ ಮಾರಾಯ, ಪೆಟ್ಟಿಗೆ ತಂದಿಡು" ಅಂದಿದ್ದರು. ನಾನು ಖಾಲಿ ಪೆಟ್ಟಿಗೆ ತಂದಿಟ್ಟಿದ್ದೆ. ತಮ್ಮ ಬಲೆಯ ಟೋಪಿಯನ್ನೂ ಅಭ್ಯಾಸ ಆಗಲಿ ಅಂತ ಕೊಟ್ಟಿದ್ದರು.

ಅವತ್ತು ಆ ಟೋಪಿ ಹಾಕಿಕೊಂಡೇ ಪೇರಲೆ ಮರಕ್ಕೆ ಏಣಿ ಹಚ್ಚಿದೆ.

ಬಿದಿರಿನ ಬುಟ್ಟಿಯ ಒಳಗೆ ಹಳೇ ಮೇಣ ತಿಕ್ಕಿ, ಗೊಂಚಲಿನ ಮೇಲೆ ಬೋರಲು ಹಿಡಿದು, ಕೆಳಗಿನಿಂದ ತೆಂಗಿನ ಚಿಪ್ಪಿನಲ್ಲಿ ಹೊಗೆ ಕೊಟ್ಟೆ. ಜೇನು ಕತ್ತಲೆಯ ಕಡೆಗೆ, ಮೇಲಕ್ಕೆ ಹತ್ತುತ್ತದೆ. ಮುಕ್ಕಾಲು ಗಂಟೆ ಕೈ ಮೇಲೆತ್ತಿ ನಿಂತಿದ್ದೆ. ಎರಡು ಕಡೆ ಕುಟುಕಿಸಿಕೊಂಡೆ. ಆದರೂ ಬುಟ್ಟಿ ತುಂಬಿ ಭಾರ ಆದಾಗ ಆದ ಖುಷಿ ಇದೆಯಲ್ಲ, ಮೊದಲ ಸಂಬಳದ ಮೆಸೇಜು ಬಂದಾಗಲೂ ಅಷ್ಟು ಆಗಿರಲಿಲ್ಲ. ಸಂಜೆ ಪೆಟ್ಟಿಗೆಗೆ ಸುರಿದು, ಚೌಕಟ್ಟಿಗೆ ಬಾಳೆನಾರಿನಲ್ಲಿ ಒಂದು ಹಳೇ ಎರಿ ಕಟ್ಟಿ, ಬಾಗಿಲಿಗೆ ರಾಣಿ ಗೇಟು ಹಾಕಿದೆ. ಸಣ್ಣ ಕಿಂಡಿಗಳ ತಗಡು ಅದು. ಕೆಲಸದ ನೊಣ ಓಡಾಡಬಹುದು, ರಾಣಿಯ ಮೈ ದೊಡ್ಡದು, ದಾಟಲಾಗುವುದಿಲ್ಲ. ರಾಣಿ ಹೋಗದಿದ್ದರೆ ಉಳಿದವೂ ಹೋಗುವುದಿಲ್ಲ.

ಅಮ್ಮ ಹಿತ್ತಲ ಬಾಗಿಲಲ್ಲಿ ನಿಂತು ನೋಡ್ತಾ ಇದ್ದರು. "ಅಜ್ಜನ ಮನೆ ಕಡೆಯಿಂದ ಬಂತಲ್ಲ ಅದು?" ಅಂದರು.

"ಕಾಡಿಂದಲೂ ಬಂದಿರಬಹುದು" ಅಂದೆ.

ರಾತ್ರಿ ಅಜ್ಜನ ಫೋನು. "ಒಂದು ಪಾಲು ಹಾರಿ ಹೋಯ್ತು ಮಾರಾಯ, ನಿಮ್ಮನೆ ಬದಿಗೇ ಬಂದಂಗಿತ್ತು. ಸಂಕದವರೆಗೆ ಬಂದೆ, ಮುಂದೆ ಕಾಲು ಕೇಳ್ಲಿಲ್ಲ. ಕಂಡಿದ್ಯಾ?"

"ಇಲ್ಲ ಅಜ್ಜಾ. ಮೀಟಿಂಗಲ್ಲಿದ್ದೆ" ಅಂದೆ.

ಇದು ಎರಡನೆಯ ಸುಳ್ಳು.

ಯಾಕೆ ಹೇಳಿದೆ ಅಂತ ಆಮೇಲೆ ಬಹಳ ಸಲ ಕೇಳಿಕೊಂಡಿದ್ದೇನೆ. ಆಸೆಗೆ ಅಂತ ಹೇಳಲು ಆಗುವುದಿಲ್ಲ, ಅಜ್ಜ ಹೇಗೂ ಒಂದು ಕೊಡುವವರಿದ್ದರು. ನನಗೆ ಬೇಕಿದ್ದದ್ದು ಕೊಟ್ಟ ಜೇನಲ್ಲ, ನಾನೇ ಹಿಡಿದ ಜೇನು. ಅಷ್ಟು ಹೊತ್ತಿಗೆ ಬುಟ್ಟಿ ಹಿಡಿದ ಫೋಟೊ ಆಫೀಸಿನ ಗ್ರೂಪಿಗೆ ಹೋಗಿಯಾಗಿತ್ತು. "ನನ್ನ ಮೊದಲ ಜೇನು" ಅಂತ ಬರೆದಿದ್ದೆ. ಬಿಟಿಎಂ ಲೇಔಟಿನಲ್ಲಿ, ಸರ್ಜಾಪುರ ರಸ್ತೆಯಲ್ಲಿ ಕೂತವರೆಲ್ಲ ಹೃದಯದ ಚಿಹ್ನೆ ಒತ್ತಿದ್ದರು. "ನನ್ನ" ಅಂತ ಒಂದು ಸಲ ಬರೆದ ಮೇಲೆ ಅಳಿಸುವುದು ಕಷ್ಟ.

ನಿದ್ದೆ ಬರದ ರಾತ್ರಿಗಳಲ್ಲಿ ನಮ್ಮಂಥವರು ಮಾಡುವ ಕೆಲಸ ಒಂದೇ, ಹುಡುಕುವುದು. ಹಾರಿ ಬಂದ ಜೇನು ಯಾರದ್ದು ಅಂತ ಹುಡುಕಿದೆ. ಈ ಜಗಳ ಬಹಳ ಹಳೆಯದು. ಕ್ರಿ.ಶ. 533ರಲ್ಲಿ ರೋಮನ್ ಚಕ್ರವರ್ತಿ ಜಸ್ಟೀನಿಯನ್ ಹೊರಡಿಸಿದ ಕಾನೂನು ಪಠ್ಯದಲ್ಲೇ ಇದಕ್ಕೆ ಉತ್ತರ ಇದೆ. ಜೇನು ಸ್ವಭಾವತಃ ಕಾಡುಜೀವಿ. ನಿಮ್ಮ ಮರದಲ್ಲಿ ಬಂದು ಕೂತಷ್ಟಕ್ಕೆ ಅದು ನಿಮ್ಮದಲ್ಲ, ಗೂಡಿಗೆ ಹಾಕಿಕೊಂಡ ಮೇಲೆ ನಿಮ್ಮದು. ನಿಮ್ಮ ಗೂಡಿನಿಂದ ಹಾರಿಹೋದದ್ದು ಕಣ್ಣಿಗೆ ಕಾಣುತ್ತಿರುವವರೆಗೆ, ಬೆನ್ನಟ್ಟಲು ಸಾಧ್ಯವಿರುವವರೆಗೆ ನಿಮ್ಮದು. ಆಮೇಲೆ ಹಿಡಿದವನದ್ದು. 1900ರಲ್ಲಿ ಜಾರಿಗೆ ಬಂದ ಜರ್ಮನಿಯ ಸಿವಿಲ್ ಕಾನೂನಿನಲ್ಲೂ ಜೇನಿಗೆ ಪ್ರತ್ಯೇಕ ಕಲಮುಗಳಿವೆ. ತಡಮಾಡದೆ ಬೆನ್ನಟ್ಟದಿದ್ದರೆ, ಅಥವಾ ಬೆನ್ನಟ್ಟುವುದನ್ನು ಬಿಟ್ಟರೆ ಪಾಲಿಗೆ ಒಡೆಯನಿಲ್ಲ. ಬೆನ್ನಟ್ಟುವವನು ಪಕ್ಕದವರ ಜಮೀನಿಗೂ ಕಾಲಿಡಬಹುದು.

ಓದಿ ಎಷ್ಟು ಸಮಾಧಾನ ಆಯಿತು! ಸಾವಿರದೈನೂರು ವರ್ಷದ ಕಾನೂನು ನನ್ನ ಕಡೆಗಿತ್ತು. ಅಜ್ಜ ಸಂಕದಲ್ಲಿ ನಿಂತರು, ಬೆನ್ನಟ್ಟಲಿಲ್ಲ. ಜಾನ್ ಲಾಕ್ ಅನ್ನುವ ಇಂಗ್ಲಿಷ್ ತತ್ವಜ್ಞಾನಿಯೂ ನನ್ನ ಪಕ್ಷವೇ. ಯಾರದ್ದೂ ಅಲ್ಲದ ವಸ್ತುವಿಗೆ ನಿನ್ನ ದುಡಿಮೆ ಸೇರಿಸಿದರೆ ಅದು ನಿನ್ನದಾಗುತ್ತದೆ ಅನ್ನುವುದು ಅವನ ವಾದದ ತಿರುಳು. ಮುಕ್ಕಾಲು ಗಂಟೆ ಕೈ ಎತ್ತಿ ನಿಂತದ್ದು ದುಡಿಮೆಯಲ್ಲವೇ?

ಅಷ್ಟೇ ಯಾಕೆ, ಅಜ್ಜನ ಜೇನಾದರೂ ಎಲ್ಲಿಂದ ಬಂತು? 1991-92ರ ಹೊತ್ತಿಗೆ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಜೇನಿನ ಬಹುಪಾಲು ನಾಶವಾಗಿತ್ತು. ಮರಿಗಳು ಕೋಶದಲ್ಲೇ ನೀರು ತುಂಬಿದ ಚೀಲದ ಹಾಗಾಗಿ ಸಾಯುವ ರೋಗ. ಅಜ್ಜನ ಅಷ್ಟೂ ಪೆಟ್ಟಿಗೆ ಆಗ ಖಾಲಿಯಾದವು. ಕೆಲವು ವರ್ಷ ಬಿಟ್ಟು ಕಾಡಿನ ಮರದ ಪೊಟರೆಯಲ್ಲಿ ಉಳಿದುಕೊಂಡಿದ್ದ ಒಂದು ಕುಟುಂಬ ತಂದು ಮತ್ತೆ ಶುರು ಮಾಡಿದರು. ಕಾಡನ್ನು ಕೇಳಿ ತಂದದ್ದಲ್ಲವಲ್ಲ. ಹಾಗಾದರೆ ಅವರು ಹಿಡಿದದ್ದು ಅವರದ್ದು, ನಾನು ಹಿಡಿದದ್ದು ನನ್ನದು.

ವಾದದಲ್ಲಿ ಒಂದು ಬಿರುಕೂ ಇರಲಿಲ್ಲ. ಆದರೂ ಸಂಜೆ ಹೊತ್ತು ಅಜ್ಜನ ಮನೆಗೆ ಹೋಗುವುದು ನಿಲ್ಲಿಸಿದೆ.

ಪೆಟ್ಟಿಗೆಯಲ್ಲಿ ಏನಾಗುತ್ತಿತ್ತು ಅಂದರೆ, ಮೊದಲ ವಾರ ಎಲ್ಲ ಚೆನ್ನಾಗಿತ್ತು. ರಾತ್ರಿ ಸಕ್ಕರೆ ಪಾಕ ಇಟ್ಟರೆ ಬೆಳಿಗ್ಗೆ ಬಟ್ಟಲು ಖಾಲಿ. ಹಾಲಿನಂಥ ಬಿಳಿ ಮೇಣದಲ್ಲಿ ಮೂರು ಹೊಸ ಎರಿ ಇಳಿದವು. ನೊಣಗಳು ಕಾಲಿಗೆ ಹಳದಿ ಪರಾಗ ಮೆತ್ತಿಕೊಂಡು ಬರುತ್ತಿದ್ದವು. ಗೇಟು ಯಾವಾಗ ತೆಗೆಯಬೇಕು ಅನ್ನುವುದು ಮಾತ್ರ ಗೊತ್ತಿರಲಿಲ್ಲ. ನೋಡಿದ ವಿಡಿಯೊಗಳಲ್ಲೆಲ್ಲ ಒಂದೇ ಮಾತು: ಮೊಟ್ಟೆ, ಮರಿ ಕಂಡ ಮೇಲೆ ಗೇಟು ತೆಗೆಯಿರಿ, ಮರಿ ಬಿಟ್ಟು ಜೇನು ಸುಲಭಕ್ಕೆ ಹೋಗುವುದಿಲ್ಲ. ನನಗೆ ಮೊಟ್ಟೆ ಕಾಣಲಿಲ್ಲ. ಹತ್ತು ದಿನ ಆಯಿತು, ಕಾಣಲಿಲ್ಲ. ಹದಿನೈದು ಆಯಿತು, ಕಾಣಲಿಲ್ಲ. ಮೊಟ್ಟೆ ಇಲ್ಲ ಅಂದರೆ ಇವು ಹೋಗುವ ಯೋಚನೆಯಲ್ಲಿವೆ ಅಂತ ಗೇಟನ್ನು ಇನ್ನಷ್ಟು ಬಿಗಿ ಮಾಡಿದೆ.

ಜೇನು ಸಾಕಿದವರು ಇಷ್ಟು ಹೊತ್ತಿಗೆ ತಲೆ ಚಚ್ಚಿಕೊಂಡಿರುತ್ತಾರೆ. ಉಳಿದವರಿಗೆ ಸ್ವಲ್ಪ ಹಿನ್ನೆಲೆ ಹೇಳ್ತೇನೆ.

ಪೆಟ್ಟಿಗೆಯಲ್ಲಿ ನೊಣ ಹೆಚ್ಚಾದಾಗ ಜೇನು ಪಾಲಾಗುತ್ತದೆ. ನಮ್ಮ ಕಡೆ ಮಳೆಗಾಲ ಮುಗಿದು ಹೂ ಶುರುವಾದ ಮೇಲೆ, ಚಳಿಯ ದಿನಗಳಲ್ಲಿ ಅದರ ಭರಾಟೆ. ಎರಿಯ ತಳದಂಚಿನಲ್ಲಿ ಹೊಸ ರಾಣಿಯರಿಗೆ ಕೋಶ ಕಟ್ಟುತ್ತವೆ. ಆ ಕೋಶಗಳ ಬಾಯಿ ಮುಚ್ಚುವ ಹೊತ್ತಿಗೆ ಹಳೇ ರಾಣಿ ಅರ್ಧದಷ್ಟು ನೊಣಗಳನ್ನು ಕಟ್ಟಿಕೊಂಡು ಮನೆ ಬಿಡುತ್ತಾಳೆ. ಹೋಗುವವಳು ತಾಯಿ. ಕಟ್ಟಿದ ಮನೆ, ತುಂಬಿದ ತುಪ್ಪ ಎಲ್ಲ ಮಗಳಿಗೆ. (ನಮ್ಮೂರುಗಳಲ್ಲಿ ಇದು ಉಲ್ಟಾ. ಮಕ್ಕಳು ಹೊರಡುತ್ತೇವೆ, ಹಳಬರು ಮನೆ ಕಾಯುತ್ತಾರೆ.) ಎಂಟು-ಹತ್ತು ದಿನದ ಮೇಲೆ ಅದೇ ಪೆಟ್ಟಿಗೆಯಿಂದ ಇನ್ನೊಂದು ಪಾಲು ಏಳಬಹುದು. ಎರಡನೆಯ ಪಾಲಿನ ಜೊತೆ ಹೋಗುವವಳು ಆಗಷ್ಟೇ ಹುಟ್ಟಿದ ರಾಣಿ. ಅವಳು ಇನ್ನೂ ಗಂಡು ನೊಣಗಳ ಜೊತೆ ಕೂಡಿರುವುದಿಲ್ಲ. ಕೂಡುವುದು ಗೂಡಿನ ಒಳಗಲ್ಲ, ಬಿಸಿಲಿನ ಹೊತ್ತು ಹೊರಗೆ, ಆಕಾಶದಲ್ಲಿ. ಕೆಲವು ಹಾರಾಟ ಮುಗಿಸಿ ಬಂದರೆ ಆಮೇಲೆ ಬದುಕಿಡೀ ಮೊಟ್ಟೆ ಇಡಬಲ್ಲಳು.

ನಾನು ಹಿಡಿದದ್ದು ಎರಡನೆಯ ಪಾಲು.

ರಾಣಿ ಹೊರಗೆ ಹಾರದೆ ಮೊಟ್ಟೆ ಇಲ್ಲ, ಮೊಟ್ಟೆ ಕಾಣದೆ ನಾನು ಗೇಟು ತೆಗೆಯುವುದಿಲ್ಲ. ಅವಳು ನನಗೆ ಕಾಯುತ್ತಿದ್ದಳು, ನಾನು ಅವಳಿಗೆ ಕಾಯುತ್ತಿದ್ದೆ. ನಮ್ಮ ಕೆಲಸದಲ್ಲಿ ಇದಕ್ಕೆ ಡೆಡ್‌ಲಾಕ್ ಅಂತೇವೆ. ಇಂಟರ್‌ವ್ಯೂಗೆ ಬಂದ ಹುಡುಗರಿಗೆ ಇದರ ನಾಲ್ಕು ಲಕ್ಷಣ ಹೇಳು ಅಂತ ಎಷ್ಟು ಸಲ ಕೇಳಿದ್ದೇನೋ. ಮನೆಯಂಗಳದಲ್ಲಿ ಒಂದು ತಿಂಗಳು ನಡೆದದ್ದು ಗೊತ್ತಾಗಲಿಲ್ಲ.

ನಾಚಿಕೆಯ ಸಂಗತಿ ಅಂದರೆ, ಗೊತ್ತಾಗಲು ಬೇಕಾದ ಮಾಹಿತಿ ನನ್ನ ಹತ್ತಿರವೇ ಇತ್ತು. ನವೆಂಬರ್ ಕೊನೆಯಲ್ಲಿ ಅಜ್ಜ, "ಕೊಟ್ಟಿಗೆ ಬದಿ ಪೆಟ್ಟಿಗೆ ಪಾಲಾಯ್ತು, ದೊಡ್ಡ ಪಾಲು, ಹಿಡಿದು ಕೂರಿಸಿದೆ" ಅಂತ ಹೇಳಿದ್ದರು. ಒಂದು ಮಾತು ಕೇಳಿದ್ದರೆ, "ಅಜ್ಜಾ, ಒಂದು ಪಾಲು ಸಿಕ್ಕಿದೆ, ಗೇಟು ಯಾವಾಗ ತೆಗೀಲಿ?" ಅಂತ ಕೇಳಿದ್ದರೆ, ಅವರು ದಿನ ಎಣಿಸಿ ಹೇಳುತ್ತಿದ್ದರು. ಕೇಳುವ ಬಾಯನ್ನು ನಾನೇ ಮುಚ್ಚಿಕೊಂಡಿದ್ದೆ. ಕಂಡಿಲ್ಲ ಅಂತ ಹೇಳಿದ ಜೇನಿನ ಬಗ್ಗೆ ಸಂಶಯ ಹೇಗೆ ಕೇಳುವುದು?

ಜನವರಿ ಮೊದಲ ವಾರ ಕೊನೆಗೂ ಮೊಟ್ಟೆ ಕಂಡವು. ಕೋಶದ ತಳದಲ್ಲಿ ಬಿಳಿ ದಾರದ ಚೂರಿನಂಥವು, ಅಲ್ಲೊಂದು ಇಲ್ಲೊಂದು. ಕುಣಿದಾಡಿದೆ. ಗೇಟು ತೆಗೆದೆ. ಮತ್ತೊಂದು ಫೋಟೊ ಹೋಯಿತು. ಎರಡು ವಾರದಲ್ಲಿ ಕೋಶಗಳ ಬಾಯಿ ಮುಚ್ಚಿದವು, ಆದರೆ ಸಮತಟ್ಟಾಗಿ ಅಲ್ಲ. ಒಂದೊಂದೂ ಗುಬ್ಬಿಯ ಹಾಗೆ ಉಬ್ಬಿ, ತುದಿಯಲ್ಲಿ ಸೂಜಿಮೊನೆಯಷ್ಟು ತೂತು. ಪೆಟ್ಟಿಗೆಯ ನೊಣ ದಿನದಿನಕ್ಕೆ ಕಡಿಮೆಯಾಗುತ್ತಿತ್ತು. ನಾಲ್ಕು ಎರಿ ತುಂಬ ಇದ್ದವು ಒಂದೂವರೆ ಎರಿಗೆ ಇಳಿದಿದ್ದವು.

ಆ ದಿನ ಸಂಜೆ ಟೋಪಿ ಹಿಡಿದುಕೊಂಡು ಸಂಕ ದಾಟಿದೆ. ಅಜ್ಜ ಅಡಿಕೆ ಸುಲಿಯುತ್ತಾ ಕೂತಿದ್ದರು. ಮೊದಲೇ ಹೇಳಿಬಿಡಬೇಕು ಅಂತ ದಾರಿಯಿಡೀ ಅಂದುಕೊಂಡು ಹೋಗಿದ್ದೆ. "ಅಜ್ಜಾ, ಅವತ್ತಿನ ಪಾಲು ನಾನೇ ಹಿಡಿದದ್ದು. ಕಂಡಿಲ್ಲ ಅಂತ ಸುಳ್ಳು ಹೇಳಿದೆ. ಈಗ ಅದು ಹಾಳಾಗ್ತಾ ಇದೆ."

ಅವರು ಸುಲಿಯುವುದು ನಿಲ್ಲಿಸಿ ಸುಮಾರು ಹೊತ್ತು ಮೆಟ್ಟುಗತ್ತಿಯನ್ನೇ ನೋಡಿದರು. ಬೈಯುತ್ತಾರೆ ಅಂದುಕೊಂಡೆ. "ಗೇಟು ಎಷ್ಟು ದಿನ ಇಟ್ಟಿದ್ದೆ?" ಅಂದರು.

"ಒಂದು ತಿಂಗಳು."

ಅದಕ್ಕೆ ಮಾತ್ರ ಮುಖ ಕಿವಿಚಿದರು. "ಅಯ್ಯೋ ಪಾಪಿ" ಅಂದರು. ಅಂದದ್ದು ನನಗೋ, ರಾಣಿಯ ಗತಿ ನೆನೆದೋ ಗೊತ್ತಾಗಲಿಲ್ಲ.

ಮರುದಿನ ಬೆಳಿಗ್ಗೆ ನನ್ನ ಭುಜ ಹಿಡಿದುಕೊಂಡು ನಿಧಾನ ಬಂದು ಪೆಟ್ಟಿಗೆ ನೋಡಿದರು. ಒಂದೇ ನೋಟಕ್ಕೆ ಹೇಳಿದರು, "ಬರೀ ಗಂಡುಹುಳ." ಕೂಡದ ರಾಣಿ ಮೊಟ್ಟೆ ಇಟ್ಟರೂ ಅದರಿಂದ ಹುಟ್ಟುವುದು ಗಂಡು ನೊಣ ಮಾತ್ರ. ಗಂಡು ನೊಣ ಹೂವಿಗೆ ಹೋಗುವುದಿಲ್ಲ, ಮೇಣ ಕಟ್ಟುವುದಿಲ್ಲ, ಮರಿ ಸಾಕುವುದಿಲ್ಲ. ಕೆಲಸದ ನೊಣದ ಆಯುಸ್ಸು ದುಡಿಮೆಯ ಕಾಲದಲ್ಲಿ ಹೆಚ್ಚೆಂದರೆ ಒಂದೂವರೆ-ಎರಡು ತಿಂಗಳು. ಹುಟ್ಟುವವರಿಲ್ಲದೆ ಸಾಯುವವರಷ್ಟೇ ಉಳಿದ ಮನೆ ಅದು. ಹಾರುವ ಪ್ರಾಯದಲ್ಲಿ ಹಾರದ ರಾಣಿಗೆ ಆಮೇಲೆ ಬಾಗಿಲು ತೆರೆದರೂ ಪ್ರಯೋಜನ ಇರಲಿಲ್ಲ.

"ರಾಣಿ ಹುಡುಕಿ ತೆಗಿ. ಇವಳಿದ್ದರೆ ಬೇರೆ ರಾಣಿ ಕಟ್ಟೋದಿಲ್ಲ" ಅಂದರು. ತೆಗಿ ಅಂದರೆ ಏನು ಅಂತ ಇಬ್ಬರಿಗೂ ಗೊತ್ತಿತ್ತು. ಹುಡುಕಿದೆ. ನೀಳ ಹೊಟ್ಟೆಯ, ತೆಳ್ಳಗಿನ ರಾಣಿ, ಎರಿಯ ಅಂಚಿನಲ್ಲಿ ಓಡುತ್ತಿದ್ದಳು. "ನೀವೇ ಮಾಡಿ ಅಜ್ಜಾ" ಅಂದೆ. ಅವರು ಕೈ ಮುಂದೆ ಮಾಡಲಿಲ್ಲ. "ನೀ ಹಿಡಿದದ್ದಲ್ವಾ?" ಅಂದರು.

ಚುಚ್ಚಿ ಆಡಿದ ಮಾತಲ್ಲ ಅದು, ಮಾಮೂಲಿ ದನಿಯಲ್ಲೇ ಹೇಳಿದರು. ಆದರೆ ಸಾವಿರದೈನೂರು ವರ್ಷದ ಕಾನೂನು ಪುಸ್ತಕ ಮಾಡದ ಕೆಲಸವನ್ನು ಆ ಮೂರು ಶಬ್ದ ಮಾಡಿದವು. ಹೌದು, ನಾನೇ ಹಿಡಿದದ್ದು. ನನ್ನದು ಅಂತ ಒಂದೂವರೆ ತಿಂಗಳು ವಾದ ಮಾಡಿದ್ದೆನಲ್ಲ, ನನ್ನದು ಅಂದರೆ ಇದೂ ಸೇರಿ. ಎರಡು ಬೆರಳ ನಡುವೆ ಹಿಡಿದು ಒತ್ತಿದೆ. ಅವಳದ್ದು ಒಂದಿಷ್ಟೂ ತಪ್ಪಿರಲಿಲ್ಲ.

ಮಧ್ಯಾಹ್ನ ಅಜ್ಜ ತಮ್ಮ ಗಟ್ಟಿ ಪೆಟ್ಟಿಗೆಯಿಂದ ಒಂದು ಎರಿ ತೆಗೆದು, ನೊಣ ಕೊಡವಿ ಕೊಟ್ಟರು. ಅದರಲ್ಲಿ ಮೊಟ್ಟೆ, ಎಳೇ ಮರಿ, ಇವತ್ತೋ ನಾಳೆಯೋ ಹೊರಬರುವ ಮುಚ್ಚಿದ ಕೋಶ ಎಲ್ಲ ಇದ್ದವು. ಎಳೇ ಮರಿ ಸಿಕ್ಕರೆ ರಾಣಿ ಇಲ್ಲದ ನೊಣಗಳು ಅದಕ್ಕೆ ವಿಶೇಷ ಆಹಾರ ಕೊಟ್ಟು ರಾಣಿ ಮಾಡಿಕೊಳ್ಳುತ್ತವೆ. "ಗೇಟು ಮುಟ್ಟಬೇಡ. ಹೋದರೆ ಹೋಗಲಿ" ಅಂತ ಹೇಳಿ ಹೋದರು.

ಈಗ ಪ್ರಶ್ನೆಗೆ ಮತ್ತೆ ಬರೋಣ. ಹಾರಿ ಬಂದ ಜೇನು ಯಾರದ್ದು?

ಜಸ್ಟೀನಿಯನ್ ಹೇಳಿದ್ದು ತಪ್ಪು ಅಂತ ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ಕಾಡುಜೀವಿಯ ಒಡೆತನಕ್ಕೆ ಎಲ್ಲೋ ಒಂದು ಗೆರೆ ಎಳೆಯಲೇಬೇಕು. ಕಣ್ಣಳತೆಯ ಗೆರೆ ಕೆಟ್ಟದ್ದೇನಲ್ಲ. ಆದರೆ ಅದು ಓಡಬಲ್ಲವರ ಕಡೆಗೆ ಸ್ವಲ್ಪ ವಾಲಿದೆ. ಮೂವತ್ಮೂರರ ಕಾಲು ಮತ್ತು ಎಪ್ಪತ್ತೈದರ ಕಾಲಿನ ನಡುವಿನ ವ್ಯತ್ಯಾಸವೇ ಹಕ್ಕು ಅಂತ ಹೇಳಿಕೊಳ್ಳಲು ಕಾನೂನು ಬಿಡಬಹುದು. ಆ ಟೋಪಿ ಹಾಕಿಕೊಂಡ ನಾನು ಹೇಳಿಕೊಳ್ಳಬಹುದಿತ್ತಾ?

ಇನ್ನು ಜೇನನ್ನೇ ಕೇಳಿದರೆ ನಾವಿಬ್ಬರೂ ಲೆಕ್ಕಕ್ಕಿಲ್ಲ. ಕೊಂಬೆಯಲ್ಲಿ ಜೋತ ಗೊಂಚಲು ದಿಕ್ಕೆಟ್ಟು ಕೂತದ್ದಲ್ಲ, ಅಲ್ಲಿ ಚರ್ಚೆ ನಡೆಯುತ್ತಿರುತ್ತದೆ. ಜೇನಿನ ನೃತ್ಯದ ಅರ್ಥ ಬಿಡಿಸಿದ ಕಾರ್ಲ್ ಫಾನ್ ಫ್ರಿಶ್‌ಗೆ 1973ರಲ್ಲಿ ನೊಬೆಲ್ ಬಂತು. ಅವರ ಶಿಷ್ಯ ಮಾರ್ಟಿನ್ ಲಿಂಡಾವರ್, ಪಾಲಾದ ಗೊಂಚಲಿನ ಮೇಲೂ ಕೆಲವು ನೊಣ ಮಸಿ, ಇಟ್ಟಿಗೆ ಪುಡಿ ಮೆತ್ತಿಕೊಂಡು ಕುಣಿಯುವುದನ್ನು ಕಂಡರು. ಹೂವಿಗೆ ಹೋದವಲ್ಲ, ಮನೆ ಹುಡುಕಲು ಹೋದವು. ಆಮೇಲೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಸೀಲಿ ವರ್ಷಗಟ್ಟಲೆ ಇದನ್ನೇ ನೋಡಿದರು. ಅವರು ನೋಡಿದ್ದು ಯುರೋಪಿನ ಜೇನು. ಒಂದೊಂದು ಶೋಧಕ ನೊಣ ತಾನು ಕಂಡ ಪೊಟರೆಯ ಪರವಾಗಿ ಕುಣಿಯುತ್ತದೆ, ಬೇರೆಯವು ಹೋಗಿ ತಾವೇ ಪರೀಕ್ಷೆ ಮಾಡಿ ಬರುತ್ತವೆ, ಒಂದು ಜಾಗದಲ್ಲಿ ಸಾಕಷ್ಟು ಶೋಧಕರು ಸೇರಿದಾಗ ಎಲ್ಲವೂ ಹಾರುತ್ತವೆ. ನಾನು ಬುಟ್ಟಿ ಹಿಡಿದಾಗ ಅಂಥದ್ದೊಂದು ಸಭೆಯನ್ನು ಅರ್ಧಕ್ಕೆ ನಿಲ್ಲಿಸಿ ಬಾಗಿಲು ಹಾಕಿದ್ದೆ. ನನ್ನದೋ ಅಜ್ಜನದ್ದೋ ಅಂತ ಲೆಕ್ಕ ಹಾಕುವಾಗ ಅವು ತಮ್ಮವೂ ಆಗಿರಬಹುದು ಅನ್ನುವುದು ಹೊಳೆಯಲೇ ಇಲ್ಲ.

ಆದರೆ ನಿಜ ಹೇಳಬೇಕೆಂದರೆ, ಯಾರದ್ದು ಅನ್ನುವ ಪ್ರಶ್ನೆಯೇ ನನಗೊಂದು ಅಡಗುತಾಣವಾಗಿತ್ತು. ಜೇನು ನನ್ನದೇ ಅಂತ ಇಟ್ಟುಕೊಳ್ಳಿ. ಆಗಲೂ ಅಜ್ಜ "ಕಂಡಿದ್ಯಾ?" ಅಂತ ಕೇಳಿದಾಗ "ಇಲ್ಲ" ಅನ್ನುವ ಹಕ್ಕು ಅದರಿಂದ ಹುಟ್ಟುವುದಿಲ್ಲ. "ಹೌದು ಅಜ್ಜಾ, ಪೇರಲೆ ಮರಕ್ಕೆ ಬಂತು, ಹಿಡಿದೆ, ಇಟ್ಕೊಳ್ಲಾ?" ಅಂದಿದ್ದರೆ ಅವರು ಇಟ್ಟುಕೋ ಅನ್ನುತ್ತಿದ್ದರು, ಅದು ನನಗೆ ಗೊತ್ತಿತ್ತು. ತೆಗೆದುಕೊಳ್ಳುವ ಹಕ್ಕು ಬೇರೆ, ತೆಗೆದುಕೊಂಡದ್ದನ್ನು ಬಚ್ಚಿಡುವ ಹಕ್ಕು ಬೇರೆ. ಮೊದಲನೆಯದಕ್ಕೆ ವಾದ ಕಟ್ಟುತ್ತಾ ಕಟ್ಟುತ್ತಾ ಎರಡನೆಯದನ್ನೂ ಅದರ ಜೊತೆಗೇ ಗೆದ್ದ ಹಾಗೆ ಮಾಡಿಕೊಂಡಿದ್ದೆ.

ನಾವು ಕೋಡ್ ಬರೆಯುವವರಿಗೆ ಇದು ಹೊಸ ಪಾಠ ಆಗಬಾರದು. ದಿನಾ ಯಾರ್‍ಯಾರೋ ಬರೆದ ಓಪನ್ ಸೋರ್ಸ್ ಲೈಬ್ರರಿಗಳ ಮೇಲೆ ಕೂತು ಸಂಬಳ ತೆಗೆದುಕೊಳ್ಳುತ್ತೇವೆ. ಎಂಐಟಿ ಲೈಸೆನ್ಸ್ ಇದ್ದರೆ ನಕಲು ಮಾಡಬಹುದು, ಬದಲಿಸಬಹುದು, ಮಾರಲೂಬಹುದು. ಕೇಳುವುದು ಒಂದೇ, ಮೂಲದ ಹೆಸರಿರುವ ಆ ಸೂಚನೆಯನ್ನು ಅಳಿಸಬೇಡಿ ಅಂತ. ಎಲ್ಲವನ್ನೂ ಕೊಟ್ಟವರು ಉಳಿಸಿಕೊಂಡದ್ದು ಅದೊಂದನ್ನೇ.

ಒಂದು ಸಲ, ಒಂದು ಕಂಪನಿಯಲ್ಲಿ, ರಿವ್ಯೂ ಮೀಟಿಂಗಿನಲ್ಲಿ ಮ್ಯಾನೇಜರು ಒಂದು ಕಷ್ಟದ ಬಗ್ ಸರಿಯಾದದ್ದಕ್ಕೆ ನನ್ನನ್ನು ಹೊಗಳಿದರು. ದಾರಿ ತೋರಿಸಿದ್ದು ಸೇರಿ ಆರು ತಿಂಗಳಾಗಿದ್ದ ಹುಡುಗಿ. ಅವಳೂ ಅದೇ ಕಾಲ್‌ನಲ್ಲಿದ್ದಳು. ನಾನು ಸುಳ್ಳೇನೂ ಹೇಳಲಿಲ್ಲ, ಥ್ಯಾಂಕ್ಸ್ ಅಂದೆ ಅಷ್ಟೇ. ಕಾಗದದ ಪ್ರಕಾರ ಆ ಕೋಡ್ ನನ್ನದೂ ಅಲ್ಲ, ಅವಳದ್ದೂ ಅಲ್ಲ, ಕಂಪನಿಯದ್ದು. ಹಾಗಾಗಿ ನಾನು ಏನನ್ನೂ ಕದ್ದ ಹಾಗಾಗಲಿಲ್ಲ. ಆದರೆ ಅದರ ನಂತರ ಅವಳು ನನ್ನ ಡೆಸ್ಕಿಗೆ ಬಂದು ತನಗೆ ಹೊಳೆದದ್ದು ಹೇಳುವುದು ನಿಂತಿತು. ನನಗೂ ಅವಳನ್ನು ಕೇಳಲು ಮುಖ ಇರಲಿಲ್ಲ. ರಾಣಿ ಗೇಟಿನ ಪ್ರಕರಣದಲ್ಲಿ ಆದದ್ದೂ ಇದೇ. ಬಚ್ಚಿಟ್ಟದ್ದರ ಬೆಲೆಯನ್ನು ನಾವು ಮಾನದ ಲೆಕ್ಕದಲ್ಲಿ ಎಣಿಸುತ್ತೇವೆ, ಸಿಕ್ಕಿಬಿದ್ದರೆ ಏನು ಗತಿ ಅಂತ. ನಿಜವಾದ ಬೆಲೆ ಅದಕ್ಕಿಂತ ಮೊದಲೇ ಶುರುವಾಗಿರುತ್ತದೆ. ಯಾರನ್ನು ಕೇಳಿ ಬದುಕಬೇಕೋ ಅವರನ್ನು ಕೇಳಲಾಗದ ಸ್ಥಿತಿ ಬರುತ್ತದೆ. ಆ ಬೆಲೆಯನ್ನು ನಾನು ಕೊಟ್ಟದ್ದಕ್ಕಿಂತ ಹೆಚ್ಚು ಆ ನೊಣಗಳು ಕೊಟ್ಟವು.

ಅಜ್ಜನನ್ನು ದೊಡ್ಡ ಕ್ಷಮಾಮೂರ್ತಿ ಅಂತ ಚಿತ್ರಿಸಲು ನನಗೆ ಇಷ್ಟ ಇಲ್ಲ. ಆಮೇಲೆ ಸುಮಾರು ದಿನ ಅವರು ನನ್ನ ಜೊತೆ ಮೊದಲಿನ ಸಲಿಗೆಯಲ್ಲಿರಲಿಲ್ಲ. ಪೆಟ್ಟಿಗೆಯ ವಿಷಯ ಮಾತ್ರ ಮಾತಾಡುತ್ತಿದ್ದರು. ಒಂದು ಸಲ ಅಮ್ಮನ ಹತ್ತಿರ, "ಕೇಳಿದ್ರೆ ಕೊಡ್ತಿರ್ಲಿಲ್ವಾ ನಾನು" ಅಂದಿದ್ದರಂತೆ. ಅಮ್ಮ ಅದನ್ನು ನನಗೆ ದಾಟಿಸಿದರು. ಎಲ್ಲ ಸರಿಹೋಯಿತು ಅನ್ನಿಸುವ ಒಂದು ದಿನ ಅಂತ ಬರಲಿಲ್ಲ. ನಿಧಾನಕ್ಕೆ ಸಂಜೆ ಹೋಗುವುದು ಮತ್ತೆ ಶುರುವಾಯಿತು, ಅಷ್ಟೇ.

ಫೆಬ್ರವರಿ ಮೂರನೇ ವಾರ ಹೊಸ ರಾಣಿಯ ಮೊಟ್ಟೆ ಕಂಡವು. ಈ ಸಲ ಒಂದೂ ಕೋಶ ಬಿಡದೆ ಸಾಲಾಗಿ ಇಟ್ಟಿದ್ದಳು. ಮುಚ್ಚಿದ ಕೋಶಗಳು ನೆಲದ ಹಾಗೆ ಸಮತಟ್ಟಾಗಿದ್ದವು. ಅಷ್ಟೂ ದಿನ ಬಾಗಿಲು ತೆರೆದೇ ಇತ್ತು. ಪ್ರತಿ ಬೆಳಿಗ್ಗೆ ಹೋಗಿಬಿಟ್ಟಿರಬಹುದು ಅಂತ ಎದ್ದು ಓಡಿ ನೋಡುತ್ತಿದ್ದೆ. ಆ ವರ್ಷ ತುಪ್ಪ ತೆಗೆಯಲಿಲ್ಲ. ಅವಕ್ಕೇ ಇರಲಿ ಅಂತ ಬಿಟ್ಟೆ.

ಮೇ ತಿಂಗಳಲ್ಲಿ ಆಫೀಸು ಕರೆಯಿತು. ಬೆಂಗಳೂರಿಗೆ ಬಂದೆ. ನಮ್ಮ ಕಡೆಯ ಮಳೆಗಾಲದಲ್ಲಿ ಜೇನಿಗೆ ಹೂವಿಲ್ಲ, ವಾರವಾರ ಸಕ್ಕರೆ ಪಾಕ ಕೊಡಬೇಕು, ಎರಿಗೆ ಮೇಣದ ಹುಳ ಬೀಳದಂತೆ ನೋಡಬೇಕು. ಅಪ್ಪನಿಗೆ ಹೇಳಿ ಬಂದಿದ್ದೆ. ಜಡಿಮಳೆಯಲ್ಲಿ ಕೆಲವು ವಾರ ತಪ್ಪಿತು. ನಾನೂ ಫೋನಿನಲ್ಲಿ ವಿಚಾರಿಸುವುದು ಮರೆತೆ. ಆಗಸ್ಟಿನ ಒಂದು ಮಧ್ಯಾಹ್ನ, ಕ್ಯಾಂಟೀನಿನ ಸಾಲಿನಲ್ಲಿ ನಿಂತಿದ್ದಾಗ ಅಜ್ಜನ ಫೋನು ಬಂತು. ಅವರು ಹಗಲು ಹೊತ್ತು ಫೋನು ಮಾಡುವವರೇ ಅಲ್ಲ.

"ನಿನ್ನ ಜೇನು ಎದ್ದು ಹೋಯ್ತು ಮಾರಾಯ. ಈಗಷ್ಟೇ. ಬಿಸಿಲು ಬಿದ್ದಿತ್ತು, ನಿಮ್ಮನೆಗೆ ಬಂದಿದ್ದೆ, ಎದುರಿಗೇ ಎದ್ದವು."

ಸಾಲಿನಿಂದ ಹೊರಗೆ ಬಂದು ಕಿಟಕಿಯ ಹತ್ತಿರ ನಿಂತೆ. ಏನು ಹೇಳಬೇಕು ಅಂತ ತೋಚದೆ, "ಯಾವ ಕಡೆ ಹೋದವು ಅಜ್ಜಾ?" ಅಂತ ಕೇಳಿದೆ.

"ಗುಡ್ಡದ ಬದಿಗೆ. ಕಣ್ಣಿಗೆ ಕಾಣೋವರೆಗೂ ನೋಡ್ತಾ ನಿಂತಿದ್ದೆ" ಅಂದರು.